ಅರಳುಮರಳೂ ಗುಳಿಗೆಯ ಕಾವಲೂ

ಅರವತ್ತಕ್ಕೆ ಅರಳುಮರಳು ಎಂಬ ಮಾತನ್ನು ನಾವೆಲ್ಲರೂ ನಗುತ್ತಲೇ ಆಡುತ್ತ ಬಂದಿದ್ದೇವೆ. ಆ ಮಾತಿನ ಹಿಂದೆ ನಗೆಗೆ ಎಡೆಯಿಲ್ಲದ ಒಂದು ರೋಗವಿರಬಹುದೆಂಬುದನ್ನು, ಅಂಥ ಹಿರಿಯರೊಬ್ಬರನ್ನು ಮನೆಯಲ್ಲಿಟ್ಟುಕೊಂಡು ವರ್ಷಗಟ್ಟಲೆ ನಿದ್ದೆಗೆಟ್ಟವರು ಮಾತ್ರ ಬಲ್ಲರು. ವೈದ್ಯರು ಡಿಮೆನ್ಶಿಯಾ ಎಂದು ಕರೆಯುವ ಈ ರೋಗದ ವಿಷಯವಾಗಿ ೨೦೨೪ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ಪತ್ರಿಕೆಯು ಪ್ರಕಟಿಸಿದ ವರದಿಯೊಂದು ನಮ್ಮ ಅಧಿಕಾರಿವರ್ಗದ ಮತ್ತು ವಿದ್ಯಾವಂತ ಗೃಹಸ್ಥರ ಲಕ್ಷ್ಯಕ್ಕೆ ಬರತಕ್ಕದ್ದಾಗಿದೆ.

ಇಂಗ್ಲಂಡಿನಲ್ಲಿ ೧೯೯೮ರಿಂದ ೨೦೧೮ರ ವರೆಗಿನ ಅವಧಿಯಲ್ಲಿ ಈ ರೋಗವುಂಟೆಂದು ಗೊತ್ತಾದ ೧,೭೩,೯೧೦ ಜನರ ದಾಖಲೆಗಳನ್ನು ಅಲ್ಲಿ ಪರಿಶೀಲಿಸಲಾಗಿತ್ತು. ಆಂಟಿಸೈಕಾಟಿಕ್ ಎಂಬ ಹೆಸರಿನ, ಚಿತ್ತಭ್ರಮಣೆಗಾಗಿ ಹುಟ್ಟಿದ ಔಷಧಗಳನ್ನು ಇವರಲ್ಲಿ ಹೊಸದಾಗಿ ಪಡೆದವರನ್ನು ಪಡೆಯದವರೊಡನೆ ಹೋಲಿಸಿದಾಗ, ಪಡೆದವರಲ್ಲಿ ನ್ಯುಮೋನಿಯವು ಇಮ್ಮಡಿಗಿಂತ ತುಸು ಹೆಚ್ಚಾಗಿ ಕಂಡುಬಂದಿತು. ಮೂತ್ರಪಿಂಡಕ್ಕೆ ಒಮ್ಮೆಲೇ ಒದಗುವ ಹಾನಿ, ಪಾರ್ಶ್ವವಾಯು, ಎಲುಬು ಮುರಿತ, ಹೃದಯಾಘಾತ ಇವೂ ಹೆಚ್ಚಾಗಿದ್ದವು. ಇಂಥ ಲೆಕ್ಕದಲ್ಲಿ ಒಂದು ತೊಡಕುಂಟೆಂಬುದನ್ನು ಮರೆಯಲಾಗದು. ನ್ಯುಮೋನಿಯ ಹಿಡಿಯುತ್ತಿರುವ ಮುದುಕನು ಜ್ವರದ ತಾಪದಲ್ಲಿ ಬಡಬಡಿಸತೊಡಗಿದಾಗಲೇ ವೈದ್ಯನು ಗುಳಿಗೆಯನ್ನು ಬರೆದುಕೊಟ್ಟಿರಬಹುದು; ಆದುದರಿಂದ ದೋಷವನ್ನೆಲ್ಲ ಗುಳಿಗೆಯ ತಲೆಗೇ ಕಟ್ಟುವಂತಿಲ್ಲ. ಆದರೆ ಈ ವರದಿಯು ಒಂಟಿ ಸಾಕ್ಷಿಯಲ್ಲ. ಇಪ್ಪತ್ತು ವರ್ಷಗಳಿಂದ ಒಂದರ ಮೇಲೊಂದರಂತೆ ಬಂದ ಸಾಕ್ಷ್ಯಗಳ ಸಾಲಿನಲ್ಲಿ ಇದು ಇತ್ತೀಚಿನದು. ಇಷ್ಟು ಸಾಕ್ಷ್ಯವಿದ್ದರೂ ಗುಳಿಗೆಯು ಏಕೆ ನಿಂತಿಲ್ಲ ಎಂಬುದೇ ಇಂದು ನಾವು ವಿಚಾರಿಸಬೇಕೆಂದಿರುವ ಪ್ರಶ್ನೆ.

ಮೊದಲು ರೋಗದ ಮಾತು. ಮನೆಯವರನ್ನು ಹೈರಾಣು ಮಾಡುವುದು ಮರೆವಿಗಿಂತ ಹೆಚ್ಚಾಗಿ ಅದರ ಬೆನ್ನಿಗೆ ಬರುವ ನಡವಳಿಕೆಗಳು. ದೀಪ ಹಚ್ಚುವ ಹೊತ್ತಿಗೆ, ತಾವೇ ಕಟ್ಟಿಸಿದ ಮನೆಯ ಪಡಸಾಲೆಯಲ್ಲಿ ಕುಳಿತ ಯಜಮಾನರು ‘ಕತ್ತಲಾಯಿತು, ನಾನು ಮನೆಗೆ ಹೋಗಬೇಕು’ ಎಂದು ಬಾಗಿಲು ಬಡಿಯತೊಡಗುತ್ತಾರೆ. ಅತ್ತೆಯಾದವಳು ತನ್ನ ಸರವನ್ನು ತಾನೇ ಅಕ್ಕಿಯ ಡಬ್ಬಿಯಲ್ಲಿ ಬಚ್ಚಿಟ್ಟು ಮರೆತು, ಸೊಸೆಯೇ ಕದ್ದಳೆಂದು ನೆರೆಹೊರೆಯವರ ಮುಂದೆ ಹೇಳಿಕೊಂಡು ಅಳುತ್ತಾಳೆ. ಪಿಂಚಣಿಯಾಗಿ ಇಪ್ಪತ್ತು ವರ್ಷ ಕಳೆದ ಶಿರಸ್ತೇದಾರರು ಬೆಳಗಿನ ಜಾವ ಮೂರು ಗಂಟೆಗೆ ಕೋಟು ತೊಟ್ಟು ಕಚೇರಿಗೆ ಹೊರಡುತ್ತಾರೆ. ತಡೆದ ಮಗನನ್ನು ಅವರು ಗುರುತಿಸುವುದಿಲ್ಲ, ಕಳ್ಳನೆಂದು ತಿಳಿದು ಕೋಲೆತ್ತುತ್ತಾರೆ. ಸ್ನಾನ ಮಾಡಿಸಲು ಹೋದ ಮಗಳ ಕೈಯನ್ನು ಕಚ್ಚಿದ ತಾಯಂದಿರೂ ಉಂಟು. ಇಂಥ ನಾಲ್ಕಾರು ರಾತ್ರಿಗಳನ್ನು ಕಳೆದು ವೈದ್ಯರ ಬಾಗಿಲಿಗೆ ಬಂದ ಮಗನು ಬೇಡುವುದು ಒಂದೇ: ಹೇಗಾದರೂ ಮಾಡಿ ಅಪ್ಪ ಮಲಗುವಂತೆ ಮಾಡಿರಿ. ವೈದ್ಯನ ಬಳಿ ಇರುವುದೂ ಒಂದೇ. ಅವನು ಅದನ್ನು ಬರೆಯುತ್ತಾನೆ.

ಈ ಗುಳಿಗೆಗಳು ಮುಪ್ಪಿನ ರೋಗಕ್ಕಾಗಿ ಹುಟ್ಟಿದವುಗಳಲ್ಲ. ೧೯೫೨ರಲ್ಲಿ ಫ್ರಾನ್ಸಿನಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೋಮಜೀನ್, ೧೯೫೮ರಲ್ಲಿ ಬೆಲ್ಜಿಯಮ್ಮಿನಲ್ಲಿ ಸಿದ್ಧವಾದ ಹಾಲೊಪೆರಿಡಾಲ್, ಬಹುಕಾಲದ ಮೇಲೆ ಬಂದ ರಿಸ್ಪೆರಿಡೋನ್, ಓಲಾನ್ಜಪಿನ್, ಕ್ವೆಟಿಯಾಪಿನ್ ಇವೆಲ್ಲವೂ ಮುಖ್ಯವಾಗಿ ಸ್ಕಿಜೋಫ್ರೇನಿಯದಂಥ ಚಿತ್ತರೋಗಗಳಿಗೆ ಒಳಗಾದ, ಮುಪ್ಪಡರದ ರೋಗಿಗಳಿಗಾಗಿ ಉದ್ದೇಶಿತವಾದವು. ಅವರ ಪಾಲಿಗೆ ಇವು ದೊಡ್ಡ ಉಪಕಾರವನ್ನೇ ಮಾಡಿವೆ. ಆದರೆ ಎಂಭತ್ತು ವರ್ಷದ ದೇಹಕ್ಕೆ ಇವನ್ನು ಇಳಿಸಿದಾಗ ನಡಿಗೆ ತಡವರಿಸುತ್ತದೆ, ಕೈಕಾಲು ಬಿಗಿಯುತ್ತದೆ, ನುಂಗುವ ಶಕ್ತಿ ಕುಂದಿ ಅನ್ನವು ಶ್ವಾಸನಾಳಕ್ಕೆ ಜಾರುತ್ತದೆ. ಲೆವಿ ಬಾಡಿ ಎಂಬ ಒಂದು ಬಗೆಯ ಡಿಮೆನ್ಶಿಯಾದಲ್ಲಂತೂ ಸಣ್ಣ ಪ್ರಮಾಣವೂ ಪ್ರಾಣಾಂತಿಕವಾಗಬಲ್ಲುದೆಂದು ೧೯೯೨ರಷ್ಟು ಹಿಂದೆಯೇ ಇಂಗ್ಲಂಡಿನ ವೈದ್ಯರು ಎಚ್ಚರಿಸಿದ್ದರು.

೨೦೦೫ರಲ್ಲಿ ಅಮೇರಿಕೆಯ ಆಹಾರ ಮತ್ತು ಔಷಧ ಇಲಾಖೆಯು ಹದಿನೇಳು ಪರೀಕ್ಷೆಗಳ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿತು. ಸುಮಾರು ಹತ್ತು ವಾರಗಳ ಅವಧಿಯಲ್ಲಿ ಗುಳಿಗೆ ನುಂಗಿದ ಡಿಮೆನ್ಶಿಯಾ ರೋಗಿಗಳಲ್ಲಿ ನೂರಕ್ಕೆ ೪.೫ ಜನರೂ, ಔಷಧವಿಲ್ಲದ ಹುಸಿಗುಳಿಗೆ ನುಂಗಿದವರಲ್ಲಿ ನೂರಕ್ಕೆ ೨.೬ ಜನರೂ ತೀರಿಕೊಂಡಿದ್ದರು. ಅಂದಿನಿಂದ ಆ ದೇಶದಲ್ಲಿ ಹೊಸ ಪೀಳಿಗೆಯ ಈ ಔಷಧಗಳ ವಿವರಪತ್ರದ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ಅಚ್ಚಿಸಲಾಗುತ್ತಿದೆ; ೨೦೦೮ರಲ್ಲಿ ಹಳೆಯ ಪೀಳಿಗೆಯವುಗಳಿಗೂ ಅದನ್ನು ವಿಸ್ತರಿಸಲಾಯಿತು. ಬ್ರಿಟನ್ನಿನ ಪರೀಕ್ಷೆಯೊಂದರಲ್ಲಿ, ಈ ಔಷಧಗಳನ್ನು ಮೊದಲೇ ಸೇವಿಸುತ್ತಿದ್ದ ೧೬೫ ಜನ ವೃದ್ಧರಲ್ಲಿ ಅರ್ಧ ಜನರಿಗೆ ಅವನ್ನೇ ಮುಂದುವರಿಸಿ, ಉಳಿದವರಿಗೆ ಹುಸಿಗುಳಿಗೆಯನ್ನು ಕೊಡಲಾಯಿತು. ೨೦೦೯ರಲ್ಲಿ ಪ್ರಕಟವಾದ ಅದರ ಫಲದಂತೆ, ಎರಡು ವರ್ಷಗಳ ಕೊನೆಗೆ ಔಷಧ ಮುಂದುವರಿಸಿದವರಲ್ಲಿ ಬದುಕಿ ಉಳಿದವರು ನೂರಕ್ಕೆ ೪೬, ನಿಲ್ಲಿಸಿದವರಲ್ಲಿ ೭೧.

ಇಷ್ಟು ಬೆಲೆ ತೆತ್ತು ಕೊಳ್ಳುವ ಪ್ರಯೋಜನವಾದರೂ ಎಷ್ಟು? ೨೦೦೬ರಲ್ಲಿ ಅಮೇರಿಕೆಯಲ್ಲಿ ೪೨೧ ರೋಗಿಗಳ ಮೇಲೆ ನಡೆದ ಪರೀಕ್ಷೆಯೊಂದರ ಫಲ ಪ್ರಕಟವಾಯಿತು. ಮೂರು ಬೇರೆ ಬೇರೆ ಗುಳಿಗೆಗಳನ್ನು ಪಡೆದವರಲ್ಲಿ ನೂರಕ್ಕೆ ೨೬ರಿಂದ ೩೨ ಜನರಿಗೆ ಗುಣ ಕಂಡಿತ್ತು. ಹುಸಿಗುಳಿಗೆಯವರಲ್ಲಿ ೨೧ ಜನರಿಗೆ. ಔಷಧದ ಕೆಡುಕು ಅದರ ಒಳಿತನ್ನು ನುಂಗಿಹಾಕುತ್ತದೆಂದು ಪರೀಕ್ಷಕರು ಹೇಳಿದರು. ೨೦೨೩ರ ಮೇ ತಿಂಗಳಲ್ಲಿ ಬ್ರೆಕ್ಸ್‌ಪಿಪ್ರಜೋಲ್ ಎಂಬ ಹೊಸ ಔಷಧಕ್ಕೆ, ಅಲ್‌ಜೈಮರ್ ರೋಗಿಗಳ ಉದ್ರೇಕವನ್ನು ಶಮನಗೊಳಿಸುವ ಕಾರ್ಯಕ್ಕೆಂದೇ, ಅಮೇರಿಕೆಯು ಪ್ರಪ್ರಥಮವಾಗಿ ಅನುಮತಿಯನ್ನಿತ್ತಿತು. ಎಚ್ಚರಿಕೆಯ ಕಪ್ಪು ಚೌಕಟ್ಟು ಅದರ ಮೇಲೂ ಇದೆ. ಅದರ ಒಂದು ಪರೀಕ್ಷೆಯ ಅಂಕಿಗಳನ್ನು ವಾಚಕರು ಅವಶ್ಯವಾಗಿ ಗಮನಿಸಬೇಕು. ಉದ್ರೇಕವನ್ನು ೨೯ರಿಂದ ೨೦೩ರ ವರೆಗಿನ ಅಂಕಗಳಲ್ಲಿ ಅಳೆಯುವ ಒಂದು ಕ್ರಮವುಂಟು. ಹನ್ನೆರಡು ವಾರಗಳಲ್ಲಿ ಔಷಧ ಪಡೆದವರ ಅಂಕವು ಸರಾಸರಿ ೨೨.೬ರಷ್ಟು ಇಳಿಯಿತು, ಹುಸಿಗುಳಿಗೆ ಪಡೆದವರದು ೧೭.೩ರಷ್ಟು ಇಳಿಯಿತು. ಔಷಧದ ಕೊಡುಗೆಯು ಐದು ಅಂಕ. ಉಳಿದ ಹದಿನೇಳು ಅಂಕಗಳನ್ನು ಇಳಿಸಿದವರು ಯಾರು? ತಾನಾಗಿ ಏರಿ ತಾನಾಗಿ ಇಳಿಯುವುದು ಈ ಉದ್ರೇಕದ ಸ್ವಭಾವವೆಂಬುದು ಒಂದು ಉತ್ತರ. ಪರೀಕ್ಷೆಯ ನೆವದಿಂದ ಆ ಹನ್ನೆರಡು ವಾರ ಯಾರೋ ಬಂದು ವಿಚಾರಿಸಿದರು, ಎದುರಿಗೆ ಕುಳಿತರು, ಮನೆಯವರ ಗೋಳನ್ನು ಕೇಳಿಕೊಂಡರು ಎಂಬುದು ಇನ್ನೊಂದು. ಎರಡನೆಯದರ ಪಾಲು ಎಷ್ಟೆಂದು ಅಳೆದು ಹೇಳಲಾಗದಿದ್ದರೂ ಅದು ಶೂನ್ಯವೆಂದು ನಾವು ನಂಬಲಾರೆವು.

ಬ್ರಿಟನ್ನಿನಲ್ಲಿ ೨೦೦೯ರಲ್ಲಿ ಸರಕಾರದ ಅಪೇಕ್ಷೆಯ ಮೇರೆಗೆ ಪ್ರೊಫೆಸರ್ ಸುಬೆ ಬ್ಯಾನರ್ಜಿಯವರು ಒಂದು ವರದಿಯನ್ನು ಸಲ್ಲಿಸಿದರು. ಅದರಲ್ಲಿನ ಜಮಾಖರ್ಚು ಇಷ್ಟು: ವರ್ಷಕ್ಕೆ ಸುಮಾರು ೧,೮೦,೦೦೦ ಡಿಮೆನ್ಶಿಯಾ ರೋಗಿಗಳಿಗೆ ಈ ಔಷಧಗಳನ್ನು ಕೊಡಲಾಗುತ್ತಿತ್ತು, ಅವರಲ್ಲಿ ಏನಾದರೂ ಪ್ರಯೋಜನ ಪಡೆಯುವವರು ಹೆಚ್ಚೆಂದರೆ ೩೬,೦೦೦, ಅಂದರೆ ಐವರಲ್ಲಿ ಒಬ್ಬರು, ಔಷಧದ ದೆಸೆಯಿಂದ ಹೆಚ್ಚುವರಿಯಾಗಿ ಪಾರ್ಶ್ವವಾಯು ಮುಂತಾದ ಮಿದುಳಿನ ರಕ್ತನಾಳಗಳ ಅಪಾಯಕ್ಕೆ ಸಿಲುಕುವವರು ೧,೬೨೦, ಹೆಚ್ಚುವರಿಯಾಗಿ ಸಾಯುವವರು ೧,೮೦೦. ಈ ಬಳಕೆಯ ಮೂರರಲ್ಲಿ ಎರಡು ಪಾಲು ಅನಾವಶ್ಯಕವಾದುದು, ಮೂರು ವರ್ಷಗಳಲ್ಲಿ ಅದನ್ನು ಇಳಿಸಬೇಕು ಎಂದು ಅವರು ಶಿಫಾರಸು ಮಾಡಿದರು. ಒಂದು ಸರಕಾರವು ತನ್ನದೇ ವ್ಯವಸ್ಥೆಯಿಂದ ವರ್ಷಕ್ಕೆ ಸಾವಿರದ ಎಂಟುನೂರು ಜನ ವೃದ್ಧರು ಸಾಯುತ್ತಿದ್ದಾರೆಂಬ ಲೆಕ್ಕವನ್ನು ತಾನೇ ಬರೆಯಿಸಿ ತಾನೇ ಪ್ರಕಟಿಸಿದುದು ಸಣ್ಣ ಸಂಗತಿಯಲ್ಲ. ನಮ್ಮಲ್ಲಿ ಅಂಥ ಲೆಕ್ಕವನ್ನು ಬರೆಯುವ ಪುಸ್ತಕವೇ ಇಲ್ಲ.

ವರದಿಯು ಕಾರ್ಯವನ್ನೂ ಮಾಡಿತು. ಇಂಗ್ಲಂಡಿನ ವೈದ್ಯಶಾಲೆಗಳಲ್ಲಿ ಅರ್ಧಕ್ಕೆ ಸಮೀಪದಷ್ಟರ ದಾಖಲೆಗಳನ್ನು ನೋಡಿದ ತಪಾಸಣೆಯೊಂದರ ಪ್ರಕಾರ, ಡಿಮೆನ್ಶಿಯಾ ಇದ್ದವರಲ್ಲಿ ಈ ಔಷಧ ಪಡೆಯುವವರ ಪ್ರಮಾಣವು ೨೦೦೬ರಲ್ಲಿ ನೂರಕ್ಕೆ ೧೭ ಇದ್ದದ್ದು ೨೦೧೧ರಲ್ಲಿ ೭ರ ಒಳಗೆ ಬಂದಿತು. ಆದರೆ ೨೦೨೦ರಲ್ಲಿ ಕೋವಿಡ್ ಬಂದು ವೃದ್ಧಾಶ್ರಮಗಳ ಬಾಗಿಲುಗಳು ಬಂಧುಗಳಿಗೆ ಮುಚ್ಚಿದಾಗ, ಗುಳಿಗೆಯ ಪ್ರಮಾಣವು ಹಿಂದಿನ ವರ್ಷಗಳಿಗಿಂತ ಮೇಲಕ್ಕೇರಿತು. ರೋಗವು ಬದಲಾಗಿರಲಿಲ್ಲ, ವಿಜ್ಞಾನವೂ ಹಿಂದಕ್ಕೆ ಹೋಗಿರಲಿಲ್ಲ. ಬಂದು ಕೈಹಿಡಿದು ಕೂಡುವ ಮಗಳು ಹೊರಗುಳಿದಿದ್ದಳು. ಒಳಗಿದ್ದ ದಾದಿಯರಲ್ಲಿ ಹಲವರು ತಾವೇ ಹಾಸಿಗೆ ಹಿಡಿದಿದ್ದರು.

ಅಮೇರಿಕೆಯ ಕಥೆಯು ಇದಕ್ಕಿಂತ ವಿಚಿತ್ರವಾದುದು, ಅಂಕಿಗಳಿಂದ ಆಡಳಿತ ನಡೆಸುವ ನಮ್ಮ ಅಧಿಕಾರಿಗಳಿಗೆ ವಿಶೇಷವಾಗಿ ಬೋಧಪ್ರದವಾದುದು. ವೃದ್ಧರನ್ನು ಔಷಧದ ಸಂಕೋಲೆಯಿಂದ ಕಟ್ಟಿಹಾಕಕೂಡದೆಂದು ಆ ದೇಶವು ೧೯೮೭ರಲ್ಲಿಯೇ ಕಾಯದೆ ಮಾಡಿತ್ತು. ಆದರೂ ೨೦೧೧ರ ಕೊನೆಗೆ ಅಲ್ಲಿನ ಶುಶ್ರೂಷಾಲಯಗಳಲ್ಲಿ ದೀರ್ಘಕಾಲ ವಾಸಿಸುವವರಲ್ಲಿ ನೂರಕ್ಕೆ ೨೩.೯ ಜನರು ಈ ಔಷಧಗಳ ಮೇಲಿದ್ದರು. ೨೦೧೨ರಲ್ಲಿ ಕೇಂದ್ರ ಸರಕಾರವು ಚಳವಳಿಯೊಂದನ್ನು ಹೂಡಿ, ಪ್ರತಿ ಸಂಸ್ಥೆಯ ಪ್ರಮಾಣವನ್ನು ಸಾರ್ವಜನಿಕರ ಮುಂದಿಟ್ಟು ಅಂಕ ಕೊಡಲಾರಂಭಿಸಿತು. ಪ್ರಮಾಣವು ಇಳಿಯುತ್ತ ಹೋಯಿತು. ಎಲ್ಲರೂ ಸಂತೋಷಪಟ್ಟರು. ಆದರೆ ಸ್ಕಿಜೋಫ್ರೇನಿಯ ಉಳ್ಳವರನ್ನು ಈ ಎಣಿಕೆಯಿಂದ ಬಿಟ್ಟುಬಿಡಬೇಕೆಂಬ ನಿಯಮವೊಂದಿತ್ತು. ಸಾಮಾನ್ಯವಾಗಿ ತಾರುಣ್ಯದಲ್ಲಿ ತಲೆದೋರುವ ಆ ರೋಗವು ಎಂಭತ್ತು ವರ್ಷದ ಅಜ್ಜಿಯರಲ್ಲಿ ಒಮ್ಮೆಲೇ ಕಾಣಿಸತೊಡಗಿತು! ೨೦೨೧ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಇದನ್ನು ಬಯಲಿಗೆಳೆಯಿತು. ಶುಶ್ರೂಷಾಲಯಗಳ ನಿವಾಸಿಗಳಲ್ಲಿ ಒಂಬತ್ತಕ್ಕೆ ಒಬ್ಬರಂತೆ ಸ್ಕಿಜೋಫ್ರೇನಿಯವನ್ನು ದಾಖಲಿಸಲಾಗಿತ್ತು. ಸಾಮಾನ್ಯ ಜನರಲ್ಲಿ ಅದು ನೂರೈವತ್ತಕ್ಕೆ ಒಬ್ಬರಿಗೆ ಮಾತ್ರ. ೨೦೨೩ರಲ್ಲಿ ಸರಕಾರವು ಈ ದಾಖಲೆಗಳ ತಪಾಸಣೆಗೆ ಹೊರಟಿತು.

ಇದನ್ನು ಕೇವಲ ಕಳ್ಳಲೆಕ್ಕವೆಂದು ಹಳಿದು ಸುಮ್ಮನಾಗುವುದು ಸುಲಭ. ಆದರೆ ರಾತ್ರಿಪಾಳಿಯಲ್ಲಿ ಒಬ್ಬಳೇ ದಾದಿಯು ಅನೇಕ ಜನ ವೃದ್ಧರನ್ನು ನೋಡಿಕೊಳ್ಳಬೇಕಾಗಿರುವಲ್ಲಿ, ಅವರಲ್ಲಿ ಮೂವರು ಎದ್ದು ತಿರುಗಲು ಹವಣಿಸಿದರೆ ಅವಳು ಮಾಡತಕ್ಕದ್ದೇನು? ಸರಕಾರವು ಗುಳಿಗೆಯನ್ನು ಕಡಿಮೆ ಮಾಡಿರೆಂದಿತು, ಕೈಗಳನ್ನು ಹೆಚ್ಚಿಸಲಿಲ್ಲ. ಆ ವೃದ್ಧರನ್ನು ರಾತ್ರಿಯೆಲ್ಲ ಕಾಯುತ್ತಿದ್ದುದು ಗುಳಿಗೆ. ಆ ಕಾವಲನ್ನು ತೆಗೆದು ಬೇರೊಂದನ್ನು ಇಡದಿದ್ದರೆ, ಹಳೆಯ ಕಾವಲೇ ಬೇರೊಂದು ಹೆಸರಿನಿಂದ ಮರಳಿ ಬರುತ್ತದೆ. ಔಷಧವೋ ಔಷಧೇತರ ಉಪಾಯವೋ ಎಂಬ ಚರ್ಚೆಯು ವೈದ್ಯಶಾಸ್ತ್ರದ ದೃಷ್ಟಿಯಿಂದ ಬಹುಮಟ್ಟಿಗೆ ತೀರ್ಮಾನವಾಗಿರುವಂಥದು. ಉಳಿದಿರುವುದು ಯಾರು ಹೊತ್ತು ಕೊಡುವರು, ಆ ಹೊತ್ತಿಗೆ ಯಾರು ಹಣ ತೆರುವರು ಎಂಬುದು. ನಮ್ಮ ಮತದಲ್ಲಿ ಈ ಇಡೀ ವಿಷಯದ ತಿರುಳು ಇದೇ.

ಔಷಧೇತರ ಉಪಾಯವೆಂದಾಗ ಕೆಲವರು ಹಾಡು, ಹೂವು, ಸುಗಂಧತೈಲ ಎಂದು ನಗೆಯಾಡುವುದುಂಟು. ಅದರ ಮೂಲತತ್ತ್ವವು ಹೀಗಿದೆ: ಮಾತು ಕಳೆದುಕೊಂಡವನ ಕೂಗಾಟವೂ ಒಂದು ಮಾತೇ. ಅವನಿಗೆ ಹೊಟ್ಟೆ ಕಟ್ಟಿರಬಹುದು, ಮೂತ್ರದ ಸೋಂಕು ತಗಲಿರಬಹುದು, ಹುಳುಕುಹಲ್ಲು ನೋಯುತ್ತಿರಬಹುದು, ಕಿವಿ ಕೇಳದೆ, ಕನ್ನಡಕ ಕಾಣೆಯಾಗಿ, ಮಬ್ಬುಗತ್ತಲಲ್ಲಿ ಗೋಡೆಯ ನೆರಳು ಮನುಷ್ಯನಂತೆ ತೋರುತ್ತಿರಬಹುದು. ಹೊಸದಾಗಿ ಕೊಟ್ಟ ಬೇರಾವುದೋ ಔಷಧವೇ ತಲೆ ಕೆಡಿಸಿರಬಹುದು. ತಣ್ಣೀರು ಮೈಮೇಲೆ ಬಿದ್ದುದೇ ಸ್ನಾನದ ಜಗಳಕ್ಕೆ ಕಾರಣವಾಗಿರಬಹುದು. ಇಂಥ ಸಮಯದಲ್ಲಿ ಏನಾಯಿತು, ಎಷ್ಟು ಹೊತ್ತಿಗೆ, ಯಾರ ಮುಂದೆ, ಅದಕ್ಕೆ ಮೊದಲು ಏನು ನಡೆದಿತ್ತು ಎಂದು ಬರೆದಿಟ್ಟು ಕಾರಣವನ್ನು ಹುಡುಕಿದರೆ ಹಲವು ಸಲ ಅದು ಸಿಗುತ್ತದೆ. ಮನೆಗೆ ಹೋಗಬೇಕೆನ್ನುವ ಯಜಮಾನರೊಡನೆ ‘ಇದೇ ನಿಮ್ಮ ಮನೆ’ ಎಂದು ವಾದಿಸುವುದರಿಂದ ಬಾಗಿಲು ಬಡಿಯುವುದು ನಿಲ್ಲದು. ‘ಆಗಲಿ, ಕಾಫಿ ಕುಡಿದು ಹೊರಡೋಣ’ ಎಂದು ಅವರ ಜೊತೆಗೆ ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆದು ತಿರುಗಿ ಕರೆತಂದರೆ ನಿಲ್ಲಬಹುದು. ಬ್ರಾಡ್‌ಫರ್ಡಿನ ಟಾಮ್ ಕಿಟ್‌ವುಡ್ ಎಂಬ ಪಂಡಿತರು ೧೯೯೭ರಲ್ಲಿ ಬರೆದ ಗ್ರಂಥದ ಆಶಯವೂ, ಶಾಸ್ತ್ರದ ಭಾಷೆಯನ್ನು ಬಿಟ್ಟರೆ, ಇಷ್ಟೇ: ರೋಗವನ್ನು ನೋಡುವ ಮೊದಲು ರೋಗಿಯಾದ ಮನುಷ್ಯನನ್ನು ನೋಡಬೇಕು.

ಇದಕ್ಕೆ ಪ್ರಮಾಣಗಳೂ ಇವೆ. ಪಶ್ಚಿಮ ನಾರ್ವೆಯ ೧೮ ಶುಶ್ರೂಷಾಲಯಗಳ ೩೫೨ ವೃದ್ಧರಲ್ಲಿ ನಡೆದ, ೨೦೧೧ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅವರಿಗೆ ಬಾಯಿಬಿಟ್ಟು ಹೇಳಲಾಗದ ನೋವಿರಬಹುದೆಂದು ಭಾವಿಸಿ ಕ್ರಮವಾಗಿ ನೋವಿನ ಚಿಕಿತ್ಸೆಯನ್ನು ಕೊಡಲಾಯಿತು. ಹೆಚ್ಚಿನವರಿಗೆ ಕೊಟ್ಟುದು ಪ್ಯಾರಸಿಟಮಾಲ್ ಮಾತ್ರ. ಎಂಟು ವಾರಗಳಲ್ಲಿ ಉದ್ರೇಕವು ನೂರಕ್ಕೆ ೧೭ರಷ್ಟು ಇಳಿಯಿತು. ಇದೂ ಔಷಧವೇ ಅಲ್ಲವೆ ಎಂದು ಯಾರಾದರೂ ಕೇಳಿದರೆ, ನಿಜ, ಔಷಧವೇ. ಆದರೆ ಅದು ಕಾರಣಕ್ಕೆ ಕೊಟ್ಟ ಔಷಧ. ಇಂಗ್ಲಂಡಿನ ೬೯ ಶುಶ್ರೂಷಾಲಯಗಳಲ್ಲಿ ೮೪೭ ಜನರನ್ನು ಒಳಗೊಂಡ, ೨೦೧೮ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ, ಪ್ರತಿ ಸಂಸ್ಥೆಯ ಇಬ್ಬರು ಸಿಬ್ಬಂದಿಗೆ ತಿಂಗಳುಗಟ್ಟಲೆ ತರಬೇತಿಯನ್ನಿತ್ತು, ವಾರಕ್ಕೆ ಒಂದು ತಾಸು ಪ್ರತಿಯೊಬ್ಬ ವೃದ್ಧನೊಡನೆ ಅವನಿಗೆ ಪ್ರಿಯವಾದ ವಿಷಯದಲ್ಲಿ ಮಾತುಕತೆಯಾಡುವ ಏರ್ಪಾಡು ಮಾಡಲಾಗಿತ್ತು. ಉದ್ರೇಕವು ಕಡಿಮೆಯಾಯಿತು, ಬಾಳು ಹಸನಾಯಿತು, ಖರ್ಚೂ ಇಳಿಯಿತು. ಅದೇ ದೇಶದಲ್ಲಿ ೨೦ ಸಂಸ್ಥೆಗಳ ಸಿಬ್ಬಂದಿಗೆ ಆರು ಪಾಠಗಳನ್ನು ಹೇಳಿ ಮುಗಿಸಿದ, ೨೦೧೯ರಲ್ಲಿ ಪ್ರಕಟವಾದ ಮಗದೊಂದು ಪರೀಕ್ಷೆಯಲ್ಲಿ ಉದ್ರೇಕವು ಕಿಂಚಿತ್ತೂ ಇಳಿಯಲಿಲ್ಲ. ಔಷಧೇತರ ಉಪಾಯಗಳ ಪಕ್ಷಪಾತಿಗಳು ಈ ಕೊನೆಯ ಪರೀಕ್ಷೆಯನ್ನು ಬಾಯಿಗೆ ತರುವುದು ಕಡಿಮೆ. ನಮಗಾದರೋ ಅದು ಮೊದಲಿನ ಎರಡರಷ್ಟೇ ಬೆಲೆಯುಳ್ಳದ್ದೆಂದು ತೋರುತ್ತದೆ. ಪಾಠ ಹೇಳಿದ ಮಾತ್ರಕ್ಕೆ ಸಿಬ್ಬಂದಿಯ ಕೈಗೆ ಬಿಡುವು ಬರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಗುಳಿಗೆಯನ್ನು ಬಹಿಷ್ಕರಿಸಬೇಕೆಂದು ನಾವು ಹೇಳುವುದಿಲ್ಲ. ಮೊಮ್ಮಕ್ಕಳ ಮೇಲೆ ಕತ್ತಿ ಎತ್ತುವವರು, ಇಲ್ಲದ ಶತ್ರುಗಳನ್ನು ಕಂಡು ಹಗಲಿರುಳು ನಡುಗುವವರು ಇರುತ್ತಾರೆ. ಅಂಥವರಿಗೆ ಔಷಧವನ್ನು ನಿರಾಕರಿಸುವುದು ಕ್ರೌರ್ಯವಾದೀತು. ರಿಸ್ಪೆರಿಡೋನಿನಿಂದ ನಿಜವಾಗಿ ಗುಣ ಹೊಂದಿದ ರೋಗಿಗಳಲ್ಲಿ ಅದನ್ನು ನಿಲ್ಲಿಸಿದಾಗ, ಮುಂದಿನ ಹದಿನಾರು ವಾರಗಳಲ್ಲಿ ನೂರಕ್ಕೆ ೬೦ ಜನರಿಗೆ ಉಪದ್ರವವು ಮರುಕಳಿಸಿತೆಂದೂ, ಮುಂದುವರಿಸಿದವರಲ್ಲಿ ೩೩ ಜನರಿಗೆ ಮಾತ್ರ ಮರುಕಳಿಸಿತೆಂದೂ ೨೦೧೨ರ ಅಮೇರಿಕೆಯ ಪರೀಕ್ಷೆಯು ತೋರಿಸಿದೆ. ಬ್ರಿಟನ್ನಿನ ನೈಸ್ ಎಂಬ ಸಂಸ್ಥೆಯು ೨೦೧೮ರಲ್ಲಿ ಹಾಕಿಕೊಟ್ಟ ಕಟ್ಟಳೆಯು ಸರಿಯಾದ ಮಧ್ಯಮಾರ್ಗವೆಂದು ನಮ್ಮ ಎಣಿಕೆ. ತನಗೋ ಪರರಿಗೋ ಅಪಾಯವಿದ್ದಾಗ ಅಥವಾ ಭ್ರಮೆಯಿಂದ ರೋಗಿಯು ತೀವ್ರವಾಗಿ ನರಳುತ್ತಿದ್ದಾಗ ಮಾತ್ರ ಕೊಡತಕ್ಕದ್ದು. ಅತ್ಯಲ್ಪ ಪ್ರಮಾಣದಲ್ಲಿ, ಅತ್ಯಲ್ಪ ಕಾಲ ಕೊಡತಕ್ಕದ್ದು. ಆರು ವಾರಗಳಿಗೊಮ್ಮೆಯಾದರೂ ಮರುಪರೀಕ್ಷೆ ಮಾಡತಕ್ಕದ್ದು. ಈ ಮೂರನೆಯ ಮಾತನ್ನೇ ಎಲ್ಲರೂ ಮೊದಲು ಮರೆಯುತ್ತಾರೆ.

ಇನ್ನು ನಮ್ಮ ಮಾತು. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ೭.೪ ಜನರಿಗೆ, ಎಂದರೆ ಸುಮಾರು ೮೮ ಲಕ್ಷ ಜನರಿಗೆ ಡಿಮೆನ್ಶಿಯಾ ಇರುವುದೆಂದು ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವು ಅಂದಾಜು ಮಾಡಿದೆ. ೨೦೩೬ರ ಹೊತ್ತಿಗೆ ಅದು ಒಂದು ಕೋಟಿ ೬೯ ಲಕ್ಷವಾಗಬಹುದು. ಇಂಗ್ಲಂಡು ಅಮೇರಿಕೆಗಳಂತೆ ಇವರು ಸಂಸ್ಥೆಗಳಲ್ಲಿಲ್ಲ, ಮನೆಗಳಲ್ಲಿದ್ದಾರೆ. ಇದನ್ನೇ ಹಿಡಿದುಕೊಂಡು, ಪಾಶ್ಚಾತ್ಯರು ಹೆತ್ತವರನ್ನು ಹೊರದೂಡುವರು, ನಾವು ಪೂಜಿಸುವೆವು ಎಂದು ಭಾಷಣ ಮಾಡುವವರು ನಮ್ಮಲ್ಲಿ ಬಹಳ. ಈ ಸ್ವಾಭಿಮಾನಕ್ಕೆ ನಾವು ವಿರೋಧಿಗಳಲ್ಲ. ಆದರೆ ಮನೆಯೊಳಗೆ ಒಮ್ಮೆ ಇಣುಕಿ ನೋಡಬೇಕು. ಪೂಜಿಸುವ ಆ ಕೈಗಳು ಬಹುತೇಕ ಮನೆಗಳಲ್ಲಿ ಒಬ್ಬಳೇ ಸೊಸೆಯವು, ಇಲ್ಲವೇ ತಾನೇ ಎಪ್ಪತ್ತು ದಾಟಿದ ಮಡದಿಯವು. ಹಗಲೆಲ್ಲ ಅಡಿಗೆ, ಬಟ್ಟೆ, ಮಕ್ಕಳ ಶಾಲೆ; ರಾತ್ರಿ ಮಾವನವರ ಕಾವಲು. ಅವಿಭಕ್ತ ಕುಟುಂಬದಲ್ಲಿ ಹತ್ತು ಜನ ಹಂಚಿಕೊಳ್ಳುತ್ತಿದ್ದ ಹೊರೆಯು ಎರಡು ಕೋಣೆಯ ಬಾಡಿಗೆಮನೆಯಲ್ಲಿ ಒಂದು ಹೆಗಲಿಗೆ ಬಂದಿದೆ. ಬೇರೆ ದೇಶಗಳಲ್ಲಿ ಸಂಬಳದ ದಾದಿಯು ಬೇಡುವ ಗುಳಿಗೆಯನ್ನು ಇಲ್ಲಿ ಸಂಬಳವಿಲ್ಲದ ಸೊಸೆ ಬೇಡುತ್ತಾಳೆ. ಬೇಡಿದಳೆಂದು ಊರವರು ಅವಳನ್ನು ಆಡಿಕೊಳ್ಳುತ್ತಾರೆ. ಅವಳನ್ನು ದೂಷಿಸುವ ಅಧಿಕಾರವು, ಒಂದು ರಾತ್ರಿಯಾದರೂ ಅವಳ ಬದಲು ಎಚ್ಚರವಿರದ ಯಾರಿಗೂ ಇಲ್ಲ.

ಗುಳಿಗೆಯು ಇಲ್ಲಿ ಹೇಗೆ ಬಳಕೆಯಾಗುತ್ತದೆಂಬುದನ್ನೂ ಬಲ್ಲವರು ಬಲ್ಲರು. ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರಕೂಡದೆಂದು ಕಾನೂನಿದೆ. ಚೀಟಿಯೂ ಇರುತ್ತದೆ. ಆದರೆ ಅದು ವರ್ಷದ ಹಿಂದಿನದು, ಮಡಿಕೆಯಲ್ಲಿ ಹರಿದದ್ದು. ಔಷಧದಂಗಡಿಯವನು ಅದನ್ನು ನೋಡಿ ಹತ್ತು ಗುಳಿಗೆ ಕೊಡುತ್ತಾನೆ. ಮುಂದಿನ ತಿಂಗಳು ಚೀಟಿಯನ್ನೂ ಕೇಳುವುದಿಲ್ಲ. ಗುಳಿಗೆಯನ್ನು ಆರಂಭಿಸಿದ ದಿನ ಎಲ್ಲರಿಗೂ ನೆನಪಿದೆ. ನಿಲ್ಲಿಸತಕ್ಕ ದಿನವನ್ನು ಯಾರೂ ಬರೆದಿರುವುದಿಲ್ಲ.

ನಮ್ಮಿಂದ ಆಗಬಲ್ಲುದೇನೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ನೆರೆಯ ಗೋವೆಯ ತಿಸವಾಡಿ ಮತ್ತು ಬಾರ್ದೇಸ ತಾಲೂಕುಗಳಲ್ಲಿ ೮೧ ಕುಟುಂಬಗಳನ್ನೊಳಗೊಂಡು ನಡೆದ ಪರೀಕ್ಷೆಯೊಂದು ೨೦೦೮ರಲ್ಲಿ ಪ್ರಕಟವಾಯಿತು. ವೈದ್ಯರಲ್ಲದ, ಸ್ಥಳದ ಭಾಷೆಯನ್ನು ಬಲ್ಲ ಇಬ್ಬರು ಸಲಹೆಗ���ರರಿಗೆ ಅಲ್ಪಾವಧಿಯ ತರಬೇತಿಯನ್ನಿತ್ತು, ಆರು ತಿಂಗಳ ಕಾಲ ಮನೆಮನೆಗೆ ಕಳುಹಿಸಲಾಯಿತು. ಈ ರೋಗವೇನು, ಈ ಹಟವೇಕೆ, ಸ್ನಾನದ ಹೊತ್ತಿನ ಜಗಳವನ್ನು ಹೇಗೆ ತಪ್ಪಿಸಬೇಕು, ಸರಕಾರದ ಸಹಾಯಧನವನ್ನು ಹೇಗೆ ಪಡೆಯಬೇಕು ಎಂಬಂಥ ವಿಷಯಗಳನ್ನು ಅವರು ತಿಳಿಯಹೇಳಿದರು. ಅವಶ್ಯವಿದ್ದಾಗ ಔಷಧ ಬರೆಯಲು ಮನೋವೈದ್ಯರೊಬ್ಬರು ಹಿಂದೆ ಇದ್ದರು. ಫಲವೇನಾಯಿತು? ರೋಗಿಯ ನಡವಳಿಕೆಗಳಲ್ಲಿ ನಿಶ್ಚಿತವೆನ್ನಬಹುದಾದ ಇಳಿತ ಕಾಣಲಿಲ್ಲ. ಆದರೆ ಆ ನಡವಳಿಕೆಗಳಿಂದ ಮನೆಯವರಿಗೆ ಆಗುತ್ತಿದ್ದ ಕ್ಲೇಶವು ಇಳಿಯಿತು. ಅವರ ಮಾನಸಿಕ ಆರೋಗ್ಯವು ಸುಧಾರಿಸಿತು. ಈ ಫಲವನ್ನು ಅಲ್ಪವೆನ್ನುವವರು ಗುಳಿಗೆಯು ಬರೆಯಲ್ಪಡುವ ಕ್ಷಣವನ್ನು ನೆನೆಯಬೇಕು. ಹೆಚ್ಚಿನ ಸಲ ಅದನ್ನು ಬರೆಯಿಸುವುದು ಮನೆಯವರ ಕಂಗಾಲು.

ಇಂಥ ಕಾರ್ಯಕ್ಕೆ ಕರ್ನಾಟಕದಲ್ಲಿ ಅಡಿಪಾಯವಿಲ್ಲದಿಲ್ಲ. ಮನೋವೈದ್ಯವನ್ನು ಹಳ್ಳಿಯ ಆರೋಗ್ಯಕೇಂದ್ರದ ಮೂಲಕ ಒದಗಿಸಬಹುದೆಂಬುದನ್ನು ೧೯೮೫ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ. ೧೯೯೬ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ೨೦೨೨ರಲ್ಲಿ ರಾಜ್ಯ ಸರಕಾರವು ಅದೇ ಸಂಸ್ಥೆಯ ಸಹಾಯದಿಂದ ಮಿದುಳಿನ ಆರೋಗ್ಯದ ಕಾರ್ಯಕ್ರಮವೊಂದನ್ನು ಕೈಗೊಂಡು, ಪಾರ್ಶ್ವವಾಯು, ಅಪಸ್ಮಾರಗಳ ಜೊತೆಗೆ ಡಿಮೆನ್ಶಿಯಾವನ್ನೂ ಅದರಲ್ಲಿ ಸೇರಿಸಿತು. ಇವು ಅಭಿನಂದನೀಯ. ಆದರೆ ರೋಗವನ್ನು ಗುರುತಿಸುವುದಕ್ಕೆ ಒತ್ತು ಬಿದ್ದಷ್ಟು, ಗುರುತಿಸಿದ ಮರುದಿನ ಆ ಮನೆಯಲ್ಲಿ ಏನಾಗುವುದೆಂಬುದಕ್ಕೆ ಬಿದ್ದಿಲ್ಲ. ರೋಗದ ಹೆಸರು ತಿಳಿದು ಬೇರಾವ ನೆರವೂ ದೊರೆಯದ ಮನೆಗೆ ಉಳಿಯುವುದು ಮತ್ತೆ ಔಷಧದಂಗಡಿಯೇ. ಆಶಾ ಕಾರ್ಯಕರ್ತೆಯರು ನೋಡಿಕೊಳ್ಳಲಿ ಎನ್ನುವುದು ಇಲಾಖೆಗಳಿಗೆ ಬಹಳ ಪ್ರಿಯವಾದ ಉತ್ತರ. ಈಗಾಗಲೇ ಹತ್ತು ಇಲಾಖೆಗಳ ಕೆಲಸವನ್ನು ಅಲ್ಪ ಗೌರವಧನಕ್ಕೆ ಹೊತ್ತಿರುವ ಅವರ ತಲೆಯ ಮೇಲೆ ಹನ್ನೊಂದನೆಯದನ್ನು ಪುಕ್ಕಟೆಯಾಗಿ ಹೇರಿದರೆ, ಅಮೇರಿಕೆಯ ಅಂಕಿಗಳಂತೆ ಇಲ್ಲಿಯೂ ನಮೂನೆಗಳು ಮಾತ್ರ ತುಂಬಿ ಬರುವುವು. ಒಂದು ತಾಲೂಕಿಗೆ ಇಬ್ಬರು ಸಂಬಳದ ಗೃಹಸಲಹೆಗಾರರು, ಹದಿನೈದು ದಿನಕ್ಕೊಮ್ಮೆ ತಾಲೂಕು ದವಾಖಾನೆಗೆ ಬರುವ ಮನೋವೈದ್ಯರು, ಹಗಲು ನಾಲ್ಕು ತಾಸಾದರೂ ಇಂಥ ವೃದ್ಧರನ್ನು ಬಿಟ್ಟುಹೋಗಬಹುದಾದ ಒಂದು ಕೋಣೆ: ಗೋವೆಯ ಮಾದರಿಗೆ ಹಗಲಿನ ಕೋಣೆಯೊಂದನ್ನು ಸೇರಿಸಿದರೆ ಬೇಕಾಗುವುದು ಇಷ್ಟು. ಒಂದೆರಡು ಜಿಲ್ಲೆಗಳಲ್ಲಿ ಇದನ್ನು ಮಾಡಿ ನೋಡಿ, ಆದ ಖರ್ಚನ್ನೂ ಆದ ಫಲವನ್ನೂ ಸರಕಾರವು ಪ್ರಕಟಿಸಲಿ.

ಅದಕ್ಕೆ ಆಯವ್ಯಯದಲ್ಲಿ ಹಣ ಒದಗುವ ವರೆಗೆ ಕಾಸು ಖರ್ಚಿಲ್ಲದೆ ಇಂದೇ ಆಗಬಹುದಾದ ಕೆಲಸವೊಂದುಂಟು. ಡಿಮೆನ್ಶಿಯಾ ರೋಗಿಗೆ ಈ ಗುಳಿಗೆಯನ್ನು ಬರೆಯುವ ವೈದ್ಯನು, ಯಾವ ನಡವಳಿಕೆಗಾಗಿ ಬರೆದೆನೆಂಬುದನ್ನೂ, ಆರು ವಾರಗಳ ಆಚೆಗೆ ಯಾವ ತಾರೀಖಿನಂದು ರೋಗಿಯನ್ನು ಮತ್ತೆ ನೋಡಿ ಪ್ರಮಾಣವನ್ನು ಇಳಿಸಲು ಯತ್ನಿಸಲಾಗುವುದೆಂಬುದನ್ನೂ ಅದೇ ಚೀಟಿಯ ಮೇಲೆ ಕನ್ನಡದಲ್ಲಿ ಬರೆಯಲಿ. ಆ ತಾರೀಖು ದಾಟಿದ ಚೀಟಿಗೆ ಅಂಗಡಿಯವನು ಗುಳಿಗೆ ಕೊಡದಿರಲಿ. ಇದಕ್ಕೆ ಹೊಸ ಕಾಯದೆಯೇ ಬೇಕೆಂದು ನಮಗೆ ತೋರುವುದಿಲ್ಲ. ಆರೋಗ್ಯ ಇಲಾಖೆಯ ಒಂದು ಸುತ್ತೋಲೆಯಿಂದ ಸರಕಾರಿ ದವಾಖಾನೆಗಳಲ್ಲಿಯಾದರೂ ಇದನ್ನು ಆರಂಭಿಸಬಹುದಾಗಿದೆ.